ಜಮಾ, ಖರ್ಚು, ಶಿಲ್ಕು

ನಾನು ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ದಿವಾನಜಿ. ಅಡತಿ ಅಂಗಡಿಯಲ್ಲಿ, ಅಂದರೆ ರೈತರ ಮಾಲು ಮಾರಿಸಿಕೊಡುವ ದಲಾಲಿ ಅಂಗಡಿಯಲ್ಲಿ, ಲೆಕ್ಕ ಬರೆಯುವವರನ್ನು ನಮ್ಮ ಕಡೆ ಹಾಗೆ ಕರೆಯುತ್ತಾರೆ. 22 ವರ್ಷದಿಂದ ಬೇರೆಯವರ ಜಮಾ ಖರ್ಚು ಬರೆದುಕೊಂಡು ಬಂದಿದ್ದೇನೆ. ನನ್ನ ಮನಸ್ಸಿನ ಲೆಕ್ಕ ಬರೆಯಲು ಶುರು ಮಾಡಿದ್ದು 2023ರ ಜುಲೈನಲ್ಲಿ. ಅದನ್ನು ಹೇಗೆ ಮಾಡಿದೆ, ಅದರಲ್ಲಿ ಏನು ಉಳಿಯಿತು, ಏನು ಬಿಟ್ಟುಹೋಯಿತು ಅಂತ ಇಲ್ಲಿ ಬರೆಯುತ್ತಿದ್ದೇನೆ.

2022ರ ಶ್ರಾವಣದಲ್ಲಿ ನಮ್ಮ ಅಣ್ಣ ಹೃದಯಾಘಾತದಿಂದ ತೀರಿಕೊಂಡ. ನಾನು ಅಳಲಿಲ್ಲ. ಮನೆಗೆ ಬಂದವರನ್ನು ನೋಡಿಕೊಂಡೆ, ಕಾರ್ಯ ಮುಗಿಸಿದೆ, ಅತ್ತಿಗೆಯ ಕಾಗದಪತ್ರಗಳಿಗೆ ಓಡಾಡಿದೆ. ಅಷ್ಟರಲ್ಲಿ ಸುಗ್ಗಿ ಬಂತು. ಬ್ಯಾಡಗಿಯ ಸುಗ್ಗಿ ನೋಡದವರಿಗೆ ಸ್ವಲ್ಪ ಹೇಳಬೇಕು. ಸೋಮವಾರ ಮತ್ತು ಗುರುವಾರ ವ್ಯಾಪಾರದ ದಿನ. ಜನವರಿ ದಾಟಿದರೆ ಒಂದೇ ದಿನಕ್ಕೆ ಲಕ್ಷಕ್ಕೂ ಜಾಸ್ತಿ ಚೀಲ ಬಂದು ಬೀಳುತ್ತವೆ. ಘಾಟಿಗೆ ಬಾಯಿಗೆ ಟವೆಲ್ ಕಟ್ಟಿಕೊಂಡೇ ಓಡಾಡಬೇಕು. ಟೆಂಡರ್ ಆದ ಮೇಲೆ ತೂಕ, ತೂಕ ಆದ ಮೇಲೆ ಪಟ್ಟಿ. ರೈತ ಪಟ್ಟಿ ಹಿಡಿದು, ರೊಕ್ಕ ಎಣಿಸಿಕೊಂಡು ಊರ ಕಡೆ ಮುಖ ಮಾಡುವವರೆಗೆ ದಿವಾನಜಿಗೆ ಬಿಡುವಿಲ್ಲ. ರಾತ್ರಿ ಹನ್ನೆರಡಾಗುವುದು ಮಾಮೂಲಿ. ಅಣ್ಣನನ್ನು ನೆನೆಯಲು ಹೊತ್ತೇ ಸಿಗಲಿಲ್ಲ. ಸಿಗದಿದ್ದದ್ದೇ ಒಳ್ಳೆಯದು ಅಂದುಕೊಂಡಿದ್ದೆ.

ಮೇ ಕೊನೆಗೆ ಆವಕ ಇಳಿಯಿತು. ಜೂನ್‌ನಲ್ಲಿ ಅಂಗಡಿಯಲ್ಲಿ ಕೆಲಸವೇ ಇಲ್ಲ. ಆಗ ನಾನು ಬಿದ್ದೆ.

ಬೆಳಗಿನ ಜಾವ ಮೂರಕ್ಕೆ ಎಚ್ಚರ. ಆಮೇಲೆ ನಿದ್ದೆ ಇಲ್ಲ, ಏಳಲೂ ಮನಸ್ಸಿಲ್ಲ. ಒಂಬತ್ತರವರೆಗೆ ಗೋಡೆ ಕಡೆ ಮುಖ ಮಾಡಿ ಮಲಗಿರುತ್ತಿದ್ದೆ. ಊಟ ರುಚಿಸುತ್ತಿರಲಿಲ್ಲ. ಒಂದೇ ಮೊತ್ತವನ್ನು ಮೂರು ಸಲ ಕೂಡಿಸಿದರೆ ಮೂರು ಉತ್ತರ ಬರುತ್ತಿದ್ದವು. ಅವ್ವ ಬಾಗಿಲಲ್ಲಿ ನಿಂತು "ಯಾಕಪಾ, ನಿನ್ನೆನೂ ರೊಟ್ಟಿ ಹಂಗ ಬಿಟ್ಟಿ?" ಅಂತ ಕೇಳಿದರೆ ಸಿಟ್ಟು ಬರುತ್ತಿತ್ತು. ಅವ್ವನ ಮೇಲೆ ಸಿಟ್ಟು ಬರುತ್ತದಲ್ಲ ಅಂತ ಮತ್ತಷ್ಟು ಸಂಕಟ. ಗೆಳೆಯರು "ಪಾಸಿಟಿವ್ ಆಗಿರಪಾ" ಅಂದರು. ಪ್ರೀತಿಯಿಂದಲೇ ಅಂದರು, ಗೊತ್ತು. ಆದರೆ ಆ ಸ್ಥಿತಿಯಲ್ಲಿ ಇದ್ದವನಿಗೆ ಆ ಮಾತು ಭಾರ. ಇದ್ದ ದುಃಖದ ಜೊತೆಗೆ ಅದನ್ನು ಬಿಡಲಾಗದ ತಪ್ಪೂ ನನ್ನದೇ ಅನಿಸುತ್ತಿತ್ತು.

ನಮ್ಮ ಮಗಳು ಧಾರವಾಡದಲ್ಲಿ ಸೈಕಾಲಜಿ ಓದುತ್ತಾಳೆ. ರಜೆಗೆ ಬಂದವಳು ಎರಡು ದಿನ ನನ್ನನ್ನು ನೋಡಿದಳು. ಮೂರನೇ ದಿನ, "ಅಪ್ಪಾ, ಎರಡು ವಾರಕ್ಕಿಂತ ಜಾಸ್ತಿ ಹಿಂಗ ಇದ್ದರ ಡಾಕ್ಟರಿಗೆ ತೋರಿಸಬೇಕು. ನಾಳೆ ಹೋಗೂಣು," ಅಂದಳು. ಧಾರವಾಡದ ಡಿಮ್ಹಾನ್ಸ್‌ಗೆ, ಅಂದರೆ ಅಲ್ಲಿಯ ಮಾನಸಿಕ ಆಸ್ಪತ್ರೆಗೆ. ನಮ್ಮ ಕಡೆ ಯಾರನ್ನಾದರೂ ಚುಚ್ಚಬೇಕಾದರೆ "ಧಾರವಾಡಕ್ಕ ಕಳಿಸಬೇಕು ನಿನ್ನ" ಅನ್ನುತ್ತಾರೆ. 1845ರಲ್ಲಿ ಶುರುವಾದ ಆಸ್ಪತ್ರೆ ಅದು. ಅಷ್ಟು ವರ್ಷದ ಅಂಜಿಕೆ ಆ ಮಾತಿನಲ್ಲಿದೆ. ಹುಬ್ಬಳ್ಳಿಯವರೆಗೆ ಬಸ್ಸು, ಅಲ್ಲಿಂದ ಚಿಗರಿ ಬಸ್ಸು. ದಾರಿಯುದ್ದಕ್ಕೂ ಪರಿಚಯದವರು ಯಾರೂ ಸಿಗದಿರಲಿ ಅಂತ ಬೇಡಿಕೊಂಡೆ. ಅಲ್ಲಿ ಹೋಗಿ ನೋಡಿದರೆ ಸಾಲಿನಲ್ಲಿ ನನ್ನಂಥವರೇ. ಶಾಲೆ ಮಾಸ್ತರು, ಬಾಣಂತಿ, ಪರೀಕ್ಷೆಗೆ ಓದುವ ಹುಡುಗ.

ಡಾಕ್ಟರು ಗುಳಿಗೆ ಬರೆದುಕೊಟ್ಟರು. ಪರಿಣಾಮ ಗೊತ್ತಾಗಲು ಎರಡರಿಂದ ನಾಲ್ಕು ವಾರ ಬೇಕು, ಆರಾಮ ಅನಿಸಿತು ಅಂತ ನೀವೇ ನಿಲ್ಲಿಸಬೇಡಿ ಅಂದರು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನಾನು ಬರೆಯುವುದು ದಿನದ ರೂಢಿಗಳ ಬಗ್ಗೆ. ರೂಢಿಗಳು ಗುಳಿಗೆಯ ಬದಲಿಗೆ ಬಂದವಲ್ಲ. ಎರಡೂ ಜೊತೆಗೆ ನಡೆದವು. ಗುಳಿಗೆಯನ್ನು ಮುಂದಿನ ವರ್ಷ, ಡಾಕ್ಟರು ಹೇಳಿದ ಹಾಗೆ, ಸ್ವಲ್ಪ ಸ್ವಲ್ಪವಾಗಿ ಇಳಿಸಿ ಬಿಟ್ಟೆ.

ಹೊರಡುವ ಮುಂಚೆ ಅವರು ಇನ್ನೊಂದು ಕೆಲಸ ಕೊಟ್ಟರು. ದಿನಾ ಏನೇನು ಮಾಡಿದಿರಿ ಅಂತ ಬರೆಯಿರಿ. ಪಕ್ಕದಲ್ಲಿ, ಆ ಹೊತ್ತಿನಲ್ಲಿ ಮನಸ್ಸು ಹೇಗಿತ್ತು ಅಂತ ಹತ್ತಕ್ಕೆ ಎಷ್ಟು ಅಂಕ ಹಾಕಿ. ಅಷ್ಟೇ.

ಲೆಕ್ಕ ಬರೆಯುವುದು ನನಗೆ ಬರುವ ಕೆಲಸ. ಬ್ಯಾಡಗಿಗೆ ಬಂದ ದಿನವೇ ಅಂಗಡಿಯಲ್ಲಿ ಬಳಸುವಂಥದ್ದೇ ಒಂದು ಕೆಂಪು ಬಟ್ಟೆಯ ಕಿರ್ದಿ ಪುಸ್ತಕ ತೆಗೆದುಕೊಂಡೆ. ಎಡಕ್ಕೆ ಜಮಾ, ಬಲಕ್ಕೆ ಖರ್ಚು. ಮಾಡಿದ ಮೇಲೆ ಅಂಕ ಏರಿದರೆ ಆ ಕೆಲಸ ಜಮಾ ಕಡೆ. ಇಳಿದರೆ ಖರ್ಚು ಕಡೆ. ರಾತ್ರಿ ಮಲಗುವಾಗಿನ ಅಂಕ ಆ ದಿನದ ಶಿಲ್ಕು, ಅಂದರೆ ಕೊನೆಗೆ ಕೈಯಲ್ಲಿ ಉಳಿದದ್ದು. ಮೊದಲ ದಿನದ ಶಿಲ್ಕು 2.

ಎರಡು ವಾರ ಏನನ್ನೂ ಬದಲಿಸಲಿಲ್ಲ, ಸುಮ್ನೆ ಬರೆದೆ. ಹದಿನೈದನೇ ದಿನ ಪುಟ ತಿರುವಿ ನೋಡಿದಾಗ ನಾನು ಇಷ್ಟು ದಿನ ಅಂದುಕೊಂಡಿದ್ದು ಉಲ್ಟಾ ಇತ್ತು. ವಿಶ್ರಾಂತಿ ಅಂತ ತಿಳಿದು ಮಾಡುತ್ತಿದ್ದವೆಲ್ಲ ಖರ್ಚಿನಲ್ಲಿದ್ದವು. ಮಧ್ಯಾಹ್ನ ಮಲಗಿದ್ದು, ಫೋನಿನಲ್ಲಿ ಒಂದಾದ ಮೇಲೊಂದು ವಿಡಿಯೊ ನೋಡಿದ್ದು, ಮದುವೆಗೆ ಹೋಗದೆ ಮನೆಯಲ್ಲೇ ಉಳಿದದ್ದು. ಬೇಡ ಬೇಡ ಅನ್ನುತ್ತಾ ಹೆಂಡತಿಯ ಒತ್ತಾಯಕ್ಕೆ ಮಾಡಿದ ಕೆಲಸಗಳು ಜಮಾದಲ್ಲಿದ್ದವು. ಸಂತೆಗೆ ಹೋಗಿ ಮೆಂತ್ಯ, ಉಳ್ಳಾಗಡ್ಡಿ ತಂದದ್ದು. ಅವ್ವನ ಕಾಲಿಗೆ ಎಣ್ಣೆ ತಿಕ್ಕಿದ್ದು. ಹಿತ್ತಲಿನ ಕಸ ತೆಗೆದದ್ದು. ಏರಿಕೆ ದೊಡ್ಡದೇನಲ್ಲ. 2 ಇದ್ದದ್ದು 3 ಆಗುತ್ತಿತ್ತು, ಅಷ್ಟೇ. ಆದರೆ ಪ್ರತಿ ಸಲವೂ ಆಗುತ್ತಿತ್ತು.

ಅವತ್ತು ಒಂದು ನಿರ್ಧಾರ ಮಾಡಿದೆ. ಮನಸ್ಸು ಬಂದ ಮೇಲೆ ಮಾಡೋಣ ಅಂತ ಕಾಯುವುದಿಲ್ಲ. ಕಿರ್ದಿ ಏನು ಹೇಳುತ್ತದೋ ಅದನ್ನು ಮಾಡುತ್ತೇನೆ. ಮನಸ್ಸು ಹಿಂದಿನಿಂದ ಬರಲಿ. ಮಗಳಿಗೆ ಇದನ್ನು ಹೇಳಿದಾಗ, ಖಿನ್ನತೆಗೆ ಇದೊಂದು ಚಿಕಿತ್ಸೆಯ ವಿಧಾನವೇ ಅಪ್ಪಾ, ಬಿಹೇವಿಯರಲ್ ಆ್ಯಕ್ಟಿವೇಶನ್ ಅನ್ನುತ್ತಾರೆ ಅಂದಳು. ಮನಸ್ಸು ಕುಗ್ಗಿದಾಗ ಮನುಷ್ಯ ಎಲ್ಲದರಿಂದ ಹಿಂದೆ ಸರಿಯುತ್ತಾನೆ. ಸರಿದಷ್ಟೂ ಖುಷಿ ಕೊಡುವ ಸಂಗತಿ ಕಡಿಮೆಯಾಗುತ್ತವೆ. ಆಗ ಇನ್ನೂ ಕುಗ್ಗುತ್ತಾನೆ. ಆ ಸುತ್ತನ್ನು ಕೆಲಸದ ಕಡೆಯಿಂದ ಮುರಿಯುವುದು.

ಮೊದಲು ಹಿಡಿದದ್ದು ಬೆಳಗ್ಗೆ ಆರೂವರೆಗೆ ಏಳುವುದು. ರಾತ್ರಿ ಎಷ್ಟೇ ಕೆಟ್ಟ ನಿದ್ದೆ ಆಗಿರಲಿ, ಏಳುವ ಹೊತ್ತು ಬದಲಾಗಬಾರದು. ಚಹಾ ಕಪ್ ಹಿಡಿದು ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂರುತ್ತಿದ್ದೆ. ಬೆಳಗಿನ ಬೆಳಕು ಕಣ್ಣಿಗೆ ಬಿದ್ದರೆ ದೇಹದೊಳಗಿನ ಗಡಿಯಾರ ಸರಿಹೋಗುತ್ತದೆ, ರಾತ್ರಿ ನಿದ್ದೆಯ ಹೊತ್ತೂ ಸರಿಯಾಗುತ್ತದೆ. ಜುಲೈನ ಮೋಡದಲ್ಲೂ ಮನೆಯೊಳಗಿನ ದೀಪಕ್ಕಿಂತ ಹೊರಗಿನ ಬೆಳಕು ಎಷ್ಟೋ ಪಾಲು ಜಾಸ್ತಿ. ಮೂರಕ್ಕೆ ಎಚ್ಚರವಾದರೆ ಹೊರಳಾಡದೆ ಎದ್ದು ಪಡಸಾಲೆಯಲ್ಲಿ ಕೂತು, ನಿದ್ದೆ ಬಂದಾಗ ಮಾತ್ರ ಮತ್ತೆ ಹಾಸಿಗೆಗೆ ಹೋಗುತ್ತಿದ್ದೆ. ಸುಮಾರು ಆರು ವಾರಕ್ಕೆ ಐದರವರೆಗೆ ನಿದ್ದೆ ಬರತೊಡಗಿತು.

ನಡಿಗೆ ಆಮೇಲೆ ಸೇರಿತು. ಕದರಮಂಡಲಗಿ ರಸ್ತೆಯಲ್ಲಿ ಅರ್ಧ ಗಂಟೆ, ವಾರಕ್ಕೆ ಐದು ದಿನ. ಒಟ್ಟು 150 ನಿಮಿಷ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ವಾರಕ್ಕೆ ಇಷ್ಟಾದರೂ ಇರಲಿ ಅನ್ನುವ ಲೆಕ್ಕವೂ ಇದೇ. ಶನಿವಾರ ಕಾಂತೇಶನ ಗುಡಿಗೆ ನಡೆದು ಹೋಗುವವರು ಸಿಗುತ್ತಾರೆ. "ನಮಸ್ಕಾರ್ರೀ" ಅಂದರೆ ಸಾಕು, ಜಾಸ್ತಿ ಮಾತು ಬೇಕಿಲ್ಲ. ಫೋನನ್ನು ರಾತ್ರಿ ಒಂಬತ್ತಕ್ಕೆ ಅಡುಗೆಮನೆಯ ಮಾಡದಲ್ಲಿ ಇಡುವುದು ಸುಲಭವಾಗಿ ಕೂಡಿಬಂತು. ಅದರ ಬಗ್ಗೆ ಬರೆಯುವುದು ಏನೂ ಇಲ್ಲ.

ನನಗೆ ಎಲ್ಲಕ್ಕಿಂತ ಜಾಸ್ತಿ ಜಮಾ ಕೊಟ್ಟದ್ದು ರೊಟ್ಟಿ. 48ನೇ ವಯಸ್ಸಿಗೆ ರೊಟ್ಟಿ ಬಡಿಯಲು ಕಲಿತೆ. ಆಗಸ್ಟ್‌ನಲ್ಲಿ ಹೆಂಡತಿಗೆ ಜ್ವರ ಬಂತು. ಅವ್ವನಿಗೆ ಕೂರಲು ಆಗುವುದಿಲ್ಲ. "ನಾನು ಹೇಳತೀನಿ, ನೀ ಮಾಡು," ಅಂತ ಅವ್ವ ಬಾಗಿಲ ಹತ್ತಿರ ಕುರ್ಚಿ ಹಾಕಿಸಿಕೊಂಡಳು. ಜೋಳದ ಹಿಟ್ಟಿಗೆ ಗೋಧಿಯ ಹಾಗೆ ಜಿಗುಟಿಲ್ಲ. ಅದಕ್ಕೇ ಕುದಿಯುವ ನೀರು ಹಾಕಬೇಕು, ಬಿಸಿಗೆ ಹಿಟ್ಟು ಬೆಂದು ಒಂದಕ್ಕೊಂದು ಹಿಡಿದುಕೊಳ್ಳುತ್ತದೆ. ಕೈ ಸುಡುತ್ತಿರುವಾಗಲೇ ನಾದಬೇಕು. ಬಡಿಯುವಾಗ ಅಂಗೈ ಒಂದೇ ಕಡೆ ಬಿದ್ದರೆ ಅಂಚು ಸೀಳುತ್ತದೆ. ಹಂಚಿನ ಮೇಲೆ ಹಾಕಿ, ಮೇಲೆ ನೀರು ಹಚ್ಚಿ, ಆ ನೀರು ಆರುವ ಹೊತ್ತಿಗೆ ಸರಿಯಾಗಿ ತಿರುವಬೇಕು. ತಡವಾದರೆ ಬಿರಿಯುತ್ತದೆ.

ಮೊದಲ ದಿನದ ನಾಲ್ಕೂ ಹರಿದವು. ಆದರೆ ರಾತ್ರಿ ಕಿರ್ದಿ ತೆಗೆದಾಗ ಗಮನಕ್ಕೆ ಬಂತು, ಆ ಮುಕ್ಕಾಲು ಗಂಟೆ ನನ್ನ ತಲೆಯಲ್ಲಿ ಬೇರೆ ಏನೂ ಓಡಿರಲಿಲ್ಲ. ಅಣ್ಣನ ಕೊನೆಯ ಫೋನ್ ನಾನು ಎತ್ತಲಿಲ್ಲ ಅನ್ನುವ ಒಂದೇ ಯೋಚನೆ ಎಷ್ಟೋ ತಿಂಗಳಿಂದ ಗಾಣದ ಎತ್ತಿನ ಹಾಗೆ ಸುತ್ತುತ್ತಿತ್ತು. ಬಿಸಿ ಹಿಟ್ಟು ಕೈಯಲ್ಲಿ ಇದ್ದಾಗ ಅದು ನಿಂತಿತ್ತು. ಕೈಗೆ ಪೂರ್ತಿ ಕೆಲಸ, ಕಣ್ಣಿಗೆ ಪೂರ್ತಿ ಕೆಲಸ, ಕೊನೆಗೆ ಯಾರಾದರೂ ಉಣ್ಣುತ್ತಾರೆ. ಇಂಥದ್ದು ನಿಮ್ಮ ಮನೆಯಲ್ಲಿ ಬೇರೆ ಏನಾದರೂ ಇರಬಹುದು. ನಾನು ಅದನ್ನೇ ಹುಡುಕಿ ಅನ್ನುತ್ತೇನೆ. ಕಣ್ಣು ಮುಚ್ಚಿ ಧ್ಯಾನಕ್ಕೆ ಕೂತಾಗ ನನಗೆ ಆ ಫೋನಿನ ಯೋಚನೆ ಇನ್ನೂ ಜೋರಾಗುತ್ತಿತ್ತು. ಕೆಲವರಿಗೆ ಧ್ಯಾನ ಒಗ್ಗುತ್ತದೆ. ನನಗೆ ಆ ಹೊತ್ತಿನಲ್ಲಿ ಒಗ್ಗಲಿಲ್ಲ.

ಬಿಟ್ಟುಹೋದದ್ದೂ ಇದೆ. ದಿನಾ ರಾತ್ರಿ ಮೂರು ಒಳ್ಳೆಯ ಸಂಗತಿ ಬರೆಯಿರಿ ಅಂತ ಎಲ್ಲೋ ಓದಿ ಶುರು ಮಾಡಿದ್ದೆ. ಹತ್ತು ದಿನಕ್ಕೆ "ಊಟ, ಮನೆ, ಆರೋಗ್ಯ" ಅಂತ ಬರೆದದ್ದನ್ನೇ ಬರೆಯತೊಡಗಿದೆ. ಈಗ ವಾರಕ್ಕೆ ಒಂದೇ ಸಲ, ಭಾನುವಾರ, ಒಂದೇ ಸಂಗತಿ. ಆದರೆ ವಿವರವಾಗಿ. ಯಾರು ಮಾಡಿದರು, ಏನು ಮಾಡಿದರು, ನನಗೆ ಅದರಿಂದ ಏನಾಯಿತು. ಒಬ್ಬ ಹಮಾಲ ನಾನು ಕೇಳದೆಯೇ ನನ್ನ ಮೇಜಿನ ಮೇಲೆ ನೀರಿನ ಚರಿಗೆ ಇಟ್ಟು ಹೋದ ಬಗ್ಗೆ ಅರ್ಧ ಪುಟ ಬರೆದಿದ್ದೇನೆ.

ಅತ್ತಿಗೆಗೆ ಫೋನ್ ಮಾಡುವುದು ಕಷ್ಟದ ರೂಢಿ. ಅವರ ದನಿ ಕೇಳಿದರೆ ಅಣ್ಣ ನೆನಪಾಗುತ್ತಾನೆ, ಅದಕ್ಕೇ ತಪ್ಪಿಸುತ್ತಿದ್ದೆ. ಕಿರ್ದಿಯಲ್ಲಿ ನೋಡಿದರೆ, ಫೋನ್ ಮಾಡುವ ಮುಂಚೆ 3, ಮಾಡುವಾಗ 2, ಇಟ್ಟ ಮೇಲೆ 5. ಆ ನಡುವಿನ 2ಕ್ಕೆ ಹೆದರಿ ನಾನು ಒಂದು ವರ್ಷ ದೂರ ಇದ್ದೆ. ಸಂಜೆ ಚಹಾ ಆದ ಕೂಡಲೇ ಫೋನ್ ಅಂತ ಗಂಟು ಹಾಕಿದೆ. ಚಹಾ ಹೇಗೂ ತಪ್ಪುವುದಿಲ್ಲ, ಅದರ ಬೆನ್ನಿಗೆ ಫೋನೂ ತಪ್ಪುವುದಿಲ್ಲ. ಹೊಸ ರೂಢಿಯನ್ನು ಹೀಗೆ ಹಳೆಯದಕ್ಕೆ ಕಟ್ಟಿದರೆ ನೆನಪು ಇಟ್ಟುಕೊಳ್ಳುವ ಕೆಲಸ ತಪ್ಪುತ್ತದೆ.

ಎಷ್ಟು ದಿನ ಮಾಡಿದರೆ ರೂಢಿ ಆಗುತ್ತದೆ? 21 ದಿನ ಅಂತ ಎಲ್ಲರೂ ಹೇಳುತ್ತಾರೆ. 21 ದಿನ ಆದಾಗಲೂ ನನಗೆ ಏಳುವುದು ಕಷ್ಟವೇ ಇತ್ತು, ನನ್ನಿಂದ ಆಗದು ಅನಿಸಿಬಿಟ್ಟಿತು. ಮಗಳು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಒಂದು ಅಧ್ಯಯನದ ಬಗ್ಗೆ ಹೇಳಿದಳು. ಫಿಲಿಪ್ಪಾ ಲ್ಯಾಲಿ ಮತ್ತು ಜೊತೆಗಾರರು 96 ಜನರ ಮೇಲೆ ಮಾಡಿದ್ದು, 2010ರಲ್ಲಿ ಪ್ರಕಟವಾದದ್ದು. ಒಂದು ಕೆಲಸ ತಾನಾಗಿ ನಡೆಯುವಂತೆ ಆಗಲು ಸುಮಾರು 66 ದಿನ ಬೇಕಾಯಿತಂತೆ. ಒಬ್ಬೊಬ್ಬರಿಗೆ 18 ದಿನದಿಂದ ಹಿಡಿದು 254 ದಿನದವರೆಗೂ ಲೆಕ್ಕ ಹೋಗುತ್ತದಂತೆ. ನಡುವೆ ಒಂದು ದಿನ ತಪ್ಪಿದರೆ ದೊಡ್ಡ ನಷ್ಟವಿಲ್ಲ ಅನ್ನುವುದೂ ಅದರಲ್ಲಿ ಕಂಡಿತ್ತು. ಆ ಕೊನೆಯ ಮಾತು ನನ್ನನ್ನು ಉಳಿಸಿತು. ಅಂಗಡಿಯ ಕಿರ್ದಿಯಲ್ಲಿ ಒಂದು ದಿನ ಬರೆಯುವುದು ತಪ್ಪಿದರೆ ನಾವು ಪುಸ್ತಕ ಹರಿದು ಹಾಕುವುದಿಲ್ಲ, ಅಲ್ವಾ? ಮರುದಿನದ ತಾರೀಖು ಹಾಕಿ ಮುಂದೆ ಬರೆಯುತ್ತೇವೆ.

ನಿಜವಾದ ಪರೀಕ್ಷೆ 2024ರ ಸುಗ್ಗಿ. ಜನವರಿಯ ಮೊದಲ ಎರಡು ವಾರದಲ್ಲೇ ನಡಿಗೆ ನಿಂತಿತು, ರೊಟ್ಟಿ ನಿಂತಿತು, ಶಿಲ್ಕು 6ರಿಂದ 4ಕ್ಕೆ ಬಂತು. ಎಲ್ಲವನ್ನೂ ಪೂರ್ತಿ ಮಾಡಲು ಹೋದರೆ ಒಂದೂ ಉಳಿಯುವುದಿಲ್ಲ ಅಂತ ಅರ್ಥವಾಯಿತು. ಸುಗ್ಗಿಗೆ ಅಂತ ಬೇರೆ ಅಳತೆ ಮಾಡಿದೆ. ಬೆಳಕಿನಲ್ಲಿ ಐದು ನಿಮಿಷ. ಅತ್ತಿಗೆಗೆ ಅಂಗಡಿಯಿಂದಲೇ ಎರಡು ಮಾತು. ರಾತ್ರಿ ಒಂದೇ ಅಂಕ, ಬೇರೆ ಬರಹ ಇಲ್ಲ. ರೊಟ್ಟಿ ಭಾನುವಾರಕ್ಕೆ ಮಾತ್ರ. ಸೋಮವಾರ, ಗುರುವಾರ ಇಷ್ಟೂ ಆಗದಿದ್ದರೆ ಮಂಗಳವಾರ, ಶುಕ್ರವಾರ ಮತ್ತೆ ಶುರು. ಆ ಮೇನಲ್ಲಿ ಸುಗ್ಗಿ ಮುಗಿದಾಗ ನಾನು ಬೀಳಲಿಲ್ಲ. ಜೂನ್ ಮೊದಲ ವಾರಕ್ಕೆ ಕಾಯುತ್ತಾ, ಹೆದರುತ್ತಾ ಇದ್ದೆ. ಶಿಲ್ಕು 5ಕ್ಕಿಂತ ಕೆಳಗೆ ಹೋಗಲಿಲ್ಲ.

ಈಗಲೂ 3 ಬರುವ ದಿನಗಳಿವೆ. ಅವು ನಾಲ್ಕೈದು ದಿನ ಒಟ್ಟಿಗೆ ಬಂದರೆ ಹೆಂಡತಿಗೆ ಪುಸ್ತಕ ತೋರಿಸುತ್ತೇನೆ, ಎರಡು ವಾರ ಆದರೆ ಧಾರವಾಡಕ್ಕೆ ಹೋಗುತ್ತೇನೆ ಅಂತ ನಾವಿಬ್ಬರೂ ಮಾತಾಡಿಕೊಂಡಿದ್ದೇವೆ. ಅಷ್ಟು ದೂರ ಹೋಗಲು ಆಗದವರು 14416ಕ್ಕೆ ಫೋನ್ ಮಾಡಬಹುದು. ಟೆಲಿ ಮಾನಸ್ ಅಂತ, ಸರಕಾರದ್ದು, ರೊಕ್ಕ ಇಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಬದುಕೇ ಬೇಡ ಅನ್ನುವ ಯೋಚನೆ ಬಂದಿದ್ದರೆ ಕಿರ್ದಿ, ರೊಟ್ಟಿ ಎಲ್ಲ ಆಮೇಲೆ. ಮೊದಲು ಆ ಫೋನ್.

ಈ ಸಲದ ಶ್ರಾವಣದಲ್ಲಿ ಅಣ್ಣನ ಪುಣ್ಯತಿಥಿಗೆ ಅತ್ತಿಗೆಯ ಮನೆಗೆ ಹೋಗಿದ್ದೆವು. 40 ರೊಟ್ಟಿಯಲ್ಲಿ ಆರು ನಾನು ಬಡಿದದ್ದು. ಅತ್ತಿಗೆ ಒಂದನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದರು. "ನಿಮ್ಮಣ್ಣಗ ಒಂದು ಕಪ್ ಚಹಾ ಕಾಸಾಕೂ ಬರತಿರಲಿಲ್ಲ ನೋಡ್ರಿ," ಅಂತ ನಕ್ಕರು. ನಗುತ್ತಾ ನಗುತ್ತಾ ಅತ್ತರು. ನಾನೂ ಅತ್ತೆ, ಹಿಟ್ಟಿನ ಕೈಯಲ್ಲೇ, ಒಲೆಯ ಮುಂದೆ ಕೂತು. ಹಂಚಿನ ಮೇಲಿದ್ದ ರೊಟ್ಟಿ ಸೀದುಹೋಯಿತು. ಮನೆಗೆ ಬಂದು ಕಿರ್ದಿ ತೆಗೆದಾಗ ಆ ಅಳುವನ್ನು ಯಾವ ಕಡೆ ಬರೆಯಬೇಕು ಅಂತ ಸ್ವಲ್ಪ ಹೊತ್ತು ಪೆನ್ನು ಹಿಡಿದು ಕೂತೆ. ಜಮಾ ಕಡೆ ಬರೆದೆ.