ಹಿತ್ತಿಲ ಸಪೋಟ: ಕಾಯಿ ಕೀಳುವ ಹದ

ಸಪೋಟ ಹೆಚ್ಚಿನ ಆರೈಕೆಯನ್ನು ಬೇಡದ ಮರ. ಆದರೂ ಎಷ್ಟೋ ಮನೆಗಳಲ್ಲಿ ಅದರ ಹಣ್ಣು ಒಗರೆಂಬ ದೂರು ಕೇಳಿಬರುತ್ತದೆ. ಬಹುಪಾಲು ಸಂದರ್ಭಗಳಲ್ಲಿ ಅದಕ್ಕೆ ಕಾರಣ ಮರವಲ್ಲ, ಬಲಿಯುವ ಮುನ್ನವೇ ಕಾಯಿ ಕೀಳುವ ಅವಸರ.

ಬೀಜದ ಸಸಿ ಫಲಕ್ಕಾಗಿ ಹಲವು ವರ್ಷ ಕಾಯಿಸುವುದರಿಂದ ಕಸಿ ಗಿಡವನ್ನೇ ತರಬೇಕು. ಕಾಲಿಪಟ್ಟಿ ತಳಿಯಾಗಲಿ, ಧಾರವಾಡದ ಕೃಷಿ ವಿಶ್ವವಿದ್ಯಾಲಯವು ಕಾಲಿಪಟ್ಟಿ ಮತ್ತು ಕ್ರಿಕೆಟ್ ಬಾಲ್ ತಳಿಗಳ ಸಂಕರದಿಂದ ಪಡೆದ ಡಿಎಚ್‌ಎಸ್-1, ಡಿಎಚ್‌ಎಸ್-2 ಆಗಲಿ ಮನೆಗೆ ಒಪ್ಪುತ್ತವೆ. ಕ್ರಿಕೆಟ್ ಬಾಲ್‌ನ ದಪ್ಪ ಕಾಯಿ ನೋಡಲು ಚೆಂದವಾದರೂ ಸಿಹಿಯಲ್ಲಿ ಅದು ಕಾಲಿಪಟ್ಟಿಗೆ ಸಮನಲ್ಲ.

ಮುಂಗಾರಿನ ಆರಂಭದಲ್ಲಿ, ನೀರು ನಿಲ್ಲದ ಬಿಸಿಲಿನ ಜಾಗದಲ್ಲಿ, ಎರಡರಿಂದ ಮೂರು ಅಡಿ ಆಳ ಅಗಲದ ಗುಂಡಿಗೆ ಮೇಲ್ಮಣ್ಣು ಮತ್ತು ಕಳಿತ ಕೊಟ್ಟಿಗೆ ಗೊಬ್ಬರ ತುಂಬಿ, ಕಸಿಯ ಗಂಟು ನೆಲಮಟ್ಟದಿಂದ ಮೇಲಿರುವಂತೆ ಗಿಡ ನೆಟ್ಟು ಊರುಗೋಲು ಕಟ್ಟಬೇಕು. ಗಂಟಿನ ಕೆಳಗಿನಿಂದ ಹೊರಡುವ ಚಿಗುರು ಬೇರುಗಿಡದ್ದು. ಅದನ್ನು ಕಂಡ ಕೂಡಲೇ ತೆಗೆಯದಿದ್ದರೆ ಕಸಿಯ ಭಾಗ ಸೊರಗುತ್ತದೆ. ಮೊದಲೆರಡು ವರ್ಷದ ಹೂಗಳನ್ನು ಚಿವುಟಿ ಹಾಕುವುದು ಮನಸ್ಸಿಗೆ ಕಷ್ಟವೆನಿಸಿದರೂ ಗಿಡ ಗಟ್ಟಿಯಾಗಲು ಅದು ಅಗತ್ಯ.

ಇನ್ನು ಕೊಯ್ಲಿನ ವಿಚಾರ. ಹೂವು ಬಲಿತ ಕಾಯಿಯಾಗಲು ಏಳೆಂಟು ತಿಂಗಳಾದರೂ ಬೇಕು, ಮತ್ತು ಒಂದೇ ಕೊಂಬೆಯಲ್ಲಿ ಹೂವು, ಹೀಚು, ಬಲಿತ ಕಾಯಿ ಒಟ್ಟಿಗೇ ಇರುವುದರಿಂದ ಇಡೀ ಮರವನ್ನು ಒಮ್ಮೆಗೇ ಬರಿದು ಮಾಡಬಾರದು. ಗಾತ್ರವನ್ನು ನಂಬುವುದೂ ಸರಿಯಲ್ಲ. ಕಾಯಿಯ ಮೇಲಿನ ಕಂದು ಹೊಟ್ಟು ಕೈಯಾಡಿಸಿದಾಗ ಉದುರುತ್ತಿದೆಯೇ ಎಂದು ಮೊದಲು ನೋಡಿ, ಬಳಿಕ ಸಿಪ್ಪೆಯನ್ನು ಉಗುರಿನಿಂದ ಸ್ವಲ್ಪವೇ ಕೆರೆಯಬೇಕು: ಒಳಗೆ ಹಸಿರು ಕಂಡು ಹಾಲು ಒಸರಿದರೆ ಅದು ಇನ್ನೂ ಎಳೆಯದು, ನಸುಹಳದಿ ಬಣ್ಣ ಕಂಡರೆ ಕೀಳಬಹುದು. ಎಳೆಯ ಕಾಯಿಯನ್ನು ಎಷ್ಟು ದಿನ ಇಟ್ಟರೂ ಅದಕ್ಕೆ ಸರಿಯಾದ ಸಿಹಿ ಬರುವುದಿಲ್ಲ. ಮರದಲ್ಲೇ ಹಣ್ಣಾಗಲಿ ಎಂದು ಬಿಟ್ಟರೆ ಅದು ಬಾವಲಿಗಳ ಪಾಲಾಗುತ್ತದೆ.

ಕಿತ್ತ ಕಾಯಿಗಳನ್ನು ತೊಳೆದು, ಮೇಲಂಟಿದ ಹಾಲನ್ನೂ ಹೊಟ್ಟನ್ನೂ ಉಜ್ಜಿ ತೆಗೆದು, ಒರೆಸಿ ಒಣಗಿಸಿ, ಹುಲ್ಲಿನಲ್ಲೋ ಅಕ್ಕಿಯ ಡಬ್ಬಿಯಲ್ಲೋ ಇಟ್ಟರೆ ಸಾಮಾನ್ಯವಾಗಿ ಒಂದು ವಾರದೊಳಗೆ ಮಾಗುತ್ತವೆ. ಕಾಯಿಯನ್ನು ಫ್ರಿಜ್‌ನಲ್ಲಿಟ್ಟರೆ ಸರಿಯಾಗಿ ಹಣ್ಣಾಗದು. ಮಾಗಿದ ಮೇಲೆ ಒಂದೆರಡು ಗಂಟೆ ತಣ್ಣಗಿಟ್ಟು ತಿನ್ನುವುದು ನಿಜಕ್ಕೂ ಸೊಗಸು. ಮಕ್ಕಳಿಗೆ ಕೊಡುವಾಗ ಮಾತ್ರ ಹಣ್ಣನ್ನು ಸೀಳಿ ಬೀಜಗಳನ್ನು ತಪ್ಪದೆ ತೆಗೆಯಬೇಕು, ಏಕೆಂದರೆ ಬೀಜದ ತುದಿಯಲ್ಲಿರುವ ಸಣ್ಣ ಕೊಕ್ಕೆ ಗಂಟಲಿಗೆ ಸಿಕ್ಕಿಕೊಳ್ಳಬಹುದು.