ಆಲಮಟ್ಟಿ ಹಿನ್ನೀರಿಗೆ ಕಟ್ಟಿದ ರಾಡ್: ಗೈಡ್, ಟಿಪ್ ಟಾಪ್ ಆರಿಸಿದ್ದು ಹೀಗೆ

ಬಾಗಲಕೋಟೆ ಬದಿಯ ಹಿನ್ನೀರಿನಲ್ಲಿ ಕಾಟ್ಲಾ, ರೋಹು ಹಿಡಿಯಲೆಂದು ಕಟ್ಟಿದ ಏಳು ಅಡಿಯ ಗಾಳದ ಕೋಲಿನ, ಅಂದರೆ ಸ್ಪಿನ್ನಿಂಗ್ ರಾಡ್‌ನ ಲೆಕ್ಕ ಇದು. ಬ್ಲ್ಯಾಂಕ್ (ಬರಿಯ ಕಾರ್ಬನ್ ಕೋಲು) ಮೀಡಿಯಂ ಹೆವಿ, ರೀಲ್ 3000 ಸೈಜ್, ಅದರಲ್ಲಿ ಲೈನ್ ಸುತ್ತುವ ಸ್ಪೂಲಿನ ವ್ಯಾಸ 45 ಮಿ.ಮೀ., ಲೈನ್ 20 ಪೌಂಡಿನ ಬ್ರೇಡ್ (ಹೆಣೆದ ಲೈನ್), ಅದರ ಮುಂದೆ ಗಾಳದ ಕಡೆಗೆ ಗಂಟು ಹಾಕುವ ನೈಲಾನ್ ತುಂಡು, ಅಂದರೆ ಲೀಡರ್. ಇವಿಷ್ಟು ತೀರ್ಮಾನವಾಗುವ ತನಕ ಗೈಡ್, ಅಂದರೆ ರಾಡ್ ಉದ್ದಕ್ಕೂ ಲೈನ್ ಹಾಯುವ ಉಂಗುರಗಳನ್ನು, ತರಿಸಬೇಡಿ. ಗೈಡುಗಳ ರೆಡಿ ಸೆಟ್ ಅಗ್ಗ, ನಿಜ. ಆದರೆ ಅದರಲ್ಲಿನ ದೊಡ್ಡ ಗೈಡ್ ಎಷ್ಟೋ ಸಲ ರೀಲಿಗೆ ಗಿಡ್ಡವಾಗುತ್ತದೆ, ತುದಿಯ ಗೈಡುಗಳು ಬ್ಲ್ಯಾಂಕಿಗೆ ಭಾರವಾಗುತ್ತವೆ.

ಗೈಡ್ ಮೇಲಿನ 25, 16, 10, 6 ಅನ್ನುವುದು ಉಂಗುರದ ಹೊರವ್ಯಾಸ, ಮಿ.ಮೀ.ನಲ್ಲಿ. ಲೈನ್ ಹಾಯುವ ತೂತು ಅದಕ್ಕಿಂತ ಸಾಕಷ್ಟು ಸಣ್ಣದು. ಲೀಡರ್ ಗಂಟು, ಲೈನಿನ ಮೇಲೆ ಜಾರುವ ಬೆಂಡನ್ನು (ನೀರಿನಲ್ಲಿ ತೇಲುವ ತುಂಡು) ನಿಲ್ಲಿಸುವ ತಡೆಗಂಟು ಎರಡೂ ಅದರೊಳಗೆ ತಡೆಯದೆ ಹೋಗಬೇಕು. ಹಾಗಾಗಿ 4ರ ಮೈಕ್ರೋ ಗೈಡ್ ಬಿಟ್ಟು 6ಕ್ಕೆ ನಿಂತೆ. 8 ಹಾಕಿದರೆ ಗಂಟು ಇನ್ನೂ ಸಲೀಸು, ಆದರೆ ತುದಿಯಲ್ಲಿ ಕೂಡುವ ಒಂದೊಂದು ಗ್ರಾಮೂ ಲೆಕ್ಕಕ್ಕೆ ಬರುತ್ತದೆ. ಬೀಸಿದ ಮೇಲೆ ತೆನೆ ತೂಗುವ ಜೋಳದ ದಂಟಿನ ಹಾಗೆ ತುದಿ ಅಲ್ಲಾಡುತ್ತಲೇ ಇರುತ್ತದೆ. ಬುಡದಲ್ಲಿ ಅಷ್ಟೇ ತೂಕ ಕೂಡಿದರೆ ಗೊತ್ತೇ ಆಗುವುದಿಲ್ಲ.

ಎಣಿಕೆಗೆ ಹಳೆಯ ಸೂತ್ರ ಸಾಕು: ರಾಡ್ ಎಷ್ಟು ಅಡಿಯೋ ಅದಕ್ಕೊಂದು ಕೂಡಿಸಿ, ತುತ್ತತುದಿಗೆ ಕೂರುವ ಉಂಗುರ, ಅಂದರೆ ಟಿಪ್ ಟಾಪ್, ಬೇರೆ. ಅಂದರೆ ಎಂಟು. ಜಾಗಕ್ಕೆ 27ರ ಲೆಕ್ಕ ಹಿಡಿದೆ. ಸ್ಪೂಲ್ ವ್ಯಾಸವನ್ನು 27ರಿಂದ ಗುಣಿಸಿದಷ್ಟು ದೂರದಲ್ಲಿ, ಸ್ಪೂಲಿನ ಮುಖದಿಂದ ಅಳೆದು, ಮೊದಲ ಸಣ್ಣ ಗೈಡ್ ಕೂರಬೇಕು. 4.5 ಸೆಂ.ಮೀ.ಗೆ 121.5 ಆಯಿತು. ಈ ರಾಡ್‌ನಲ್ಲಿ ಸ್ಪೂಲ್ ಮುಖದಿಂದ ತುದಿಗೆ 175 ಸೆಂ.ಮೀ., ಹಾಗಾಗಿ ಆ ಗೈಡ್ ತುದಿಯಿಂದ 53.5ಕ್ಕೆ ಬಂತು. ಅದರ ಹಿಂದೆ 70ಕ್ಕೆ 10ರ ಗೈಡ್, 91ಕ್ಕೆ 16, 120ಕ್ಕೆ 25. ಮುಂದೆ 42, 30.5, 19.5, 9.5ಕ್ಕೆ 6ರವೇ. ಹಿಂದಿನ ಮೂರು ಎತ್ತರದ ಕಾಲಿನವು. ರೀಲಿನಿಂದ ಸುರುಳಿಯಾಗಿ ಏಳುವ ಲೈನ್ ಅಲ್ಲಿ ಹಂತಹಂತವಾಗಿ ಕಿರಿದಾಗಬೇಕು. 25ರದು ಗಿಡ್ಡವಾದರೆ ಲೈನ್ ಬ್ಲ್ಯಾಂಕಿಗೆ ಬಡಿದು ಎಸೆತದ ದೂರ ಕುಗ್ಗುತ್ತದೆ.

ಈ ಅಂಕಿಗಳು ಪೆನ್ಸಿಲ್ ಗುರುತು ಅಷ್ಟೇ. ಗೈಡುಗಳನ್ನು ಮಾಸ್ಕಿಂಗ್ ಟೇಪಿನಿಂದ ಕೂರಿಸಿ, ಲೈನ್ ಪೋಣಿಸಿ, ಅದರ ತುದಿಯನ್ನು ಕಿಟಕಿ ಸರಳಿಗೆ ಕಟ್ಟಿ ರಾಡ್ ಚೆನ್ನಾಗಿ ಬಾಗುವಷ್ಟು ಎಳೆಯಿರಿ. ಲೈನ್ ಬಾಗಿದ ಬ್ಲ್ಯಾಂಕಿನ ಆಕಾರವನ್ನೇ ಹಿಡಿಯಬೇಕು. ಎರಡು ಗೈಡ್ ನಡುವೆ ಬ್ಲ್ಯಾಂಕ್ ಕಮಾನಾಗಿ ಲೈನ್ ನೆಟ್ಟಗೆ ಅಡ್ಡ ಹಾಯ್ದರೆ ಅಂತರ ಹೆಚ್ಚಾಗಿದೆ ಎಂದರ್ಥ. ಅರ್ಧ, ಒಂದು ಸೆಂ.ಮೀ. ಸರಿಸಿ ಮತ್ತೆ ಎಳೆಯಿರಿ.

ಉಂಗುರದ ವಿಷಯದಲ್ಲಿ ದುಡ್ಡು ಉಳಿಸಬಹುದು. ಸೆರಾಮಿಕ್ ಇಲ್ಲದ ಬರೀ ಸ್ಟೀಲ್ ಉಂಗುರ ಮಾತ್ರ ಬೇಡ. ಎರೆಮಣ್ಣಿನ ಕೆಸರು ಹತ್ತಿದ ಬ್ರೇಡ್ ಅರದ ಹಾಗೆ ಉಜ್ಜಿ ಗೀರು ಮಾಡುತ್ತದೆ, ಆ ಗೀರು ಮುಂದೆ ಲೈನನ್ನೇ ಕೊಯ್ಯುತ್ತದೆ. ಅಲ್ಯೂಮಿನಿಯಂ ಆಕ್ಸೈಡ್ ಸಾಕು. ಟಿಪ್ ಟಾಪ್‌ಗೆ ಮಾತ್ರ ಸಿಲಿಕಾನ್ ಕಾರ್ಬೈಡ್ ಹಾಕಿದೆ, ಲೈನ್ ಅತಿ ಚೂಪಾಗಿ ಬಾಗುವುದು ಅಲ್ಲೇ. ಟೈಟೇನಿಯಂ ಫ್ರೇಮ್ ಕಾರವಾರದ ಉಪ್ಪುನೀರಿಗೆ ಹೋಗುವವರ ಮಾತು, ಕೃಷ್ಣೆಯ ನೀರಿಗೆ ಸ್ಟೇನ್‌ಲೆಸ್ ನಡೆಯುತ್ತದೆ. ಬ್ಲ್ಯಾಂಕಿಗೆ ದಾರ ಸುತ್ತಿ ಬಿಗಿಯುವ ಕಾಲು 25 ಮತ್ತು 16ಕ್ಕೆ ಎರಡೆರಡು, ಉಳಿದವಕ್ಕೆ ಒಂದೊಂದೇ.

ಕಾಲಿನ ತುದಿಯನ್ನು ಪತ್ತಾರರ ಸಣ್ಣ ಅರದಿಂದ ಇಳಿಜಾರು ಮಾಡಿ, ಅಡಿಯಲ್ಲಿ ಉಳಿದ ಮುಳ್ಳನ್ನು ಉಗುರಿಗೆ ತಾಗದಷ್ಟು ತೆಗೆಯಿರಿ. ಇಳಿಜಾರು ಇಲ್ಲದಿದ್ದರೆ ದಾರ ಕಾಲನ್ನು ಏರುವಲ್ಲಿ ಸಂದು ಬಿದ್ದು, ದಾರದ ಮೇಲೆ ಹಚ್ಚಿದ ಎಪಾಕ್ಸಿ (ಗಟ್ಟಿಯಾಗುವ ಅಂಟು) ಅಲ್ಲೇ ಬಿರಿಯುತ್ತದೆ. ಮುಳ್ಳು ಉಳಿದರೆ ಇನ್ನೂ ಕೆಟ್ಟದು, ಕಾರ್ಬನ್ನಿಗೆ ಗೀರು ಬಿದ್ದು ರಾಡ್ ಆ ಜಾಗದಲ್ಲೇ ಮುರಿಯುತ್ತದೆ. ಒಂದು ಕಾಲಿನ ಗೈಡ್ ಮುಂದಕ್ಕೆ ಕಿತ್ತು ಬರದಂತೆ ಉಂಗುರದ ಬುಡದ ಮುಂದೆಯೂ ಮೂರ್ನಾಲ್ಕು ಸುತ್ತು ದಾರ ಹಾಕಿ.

ಇನ್ನು ಟಿಪ್ ಟಾಪ್. ಇದರ ಕೊಳವೆಯ ನಂಬರ್ ಸಾಮಾನ್ಯವಾಗಿ ಇಂಚಿನ 64ನೇ ಭಾಗದಲ್ಲಿರುತ್ತದೆ: 5 ಅಂದರೆ 1.98 ಮಿ.ಮೀ., 5.5 ಅಂದರೆ 2.18, 6 ಅಂದರೆ 2.38. ಜಪಾನಿ ಮಾಲಿನಲ್ಲಿ ನೇರ ಮಿ.ಮೀ. ಇರುವುದುಂಟು. ಎರಡನ್ನೂ ಕಲಸಿದರೆ ಆರ್ಡರ್ ಹಾಳು. ವರ್ನಿಯರ್ ಕ್ಯಾಲಿಪರನ್ನು ಬ್ಲ್ಯಾಂಕಿನ ತುತ್ತತುದಿಗೆ ಹಿಡಿಯಬೇಡಿ, ಒಂದು ಸೆಂ.ಮೀ. ಹಿಂದೆ ಹಿಡಿಯಿರಿ, ಕೊಳವೆಯ ಬಾಯಿ ಕೂರುವುದು ಅಲ್ಲಿ. 2.08 ಬಂತು, 5.5 ತರಿಸಿದೆ. ಅಂಟಿಗೆ 0.1 ಮಿ.ಮೀ. ಸಂದು ಬೇಕೇ ಬೇಕು. ಹಿಡಿಯದಿದ್ದರೆ ಮುಂದಿನ ನಂಬರ್ ತರಿಸಿ, ಬ್ಲ್ಯಾಂಕ್ ಉಜ್ಜಿ ತೆಳು ಮಾಡಬೇಡಿ. ಸಡಿಲವಾದರೆ ದಾರವನ್ನು ಒಂದು ಪದರ ಒತ್ತೊತ್ತಾಗಿ ಸುತ್ತಿ.

ಅಂಟು ಬಿಸಿಗೆ ಕರಗುವಂಥದ್ದೇ ಇರಲಿ. ಎಪಾಕ್ಸಿಯಲ್ಲಿ ಕೂರಿಸಿದರೆ ಉಂಗುರ ಒಡೆದ ದಿನ ತುದಿಯೂ ಹೋದಂತೆ. ಚೂರು ಅಂಟನ್ನು ಕೊಳವೆಯೊಳಗೆ ತುರುಕಿ, ಟಿಪ್ ಟಾಪನ್ನು ಇಕ್ಕಳದಲ್ಲಿ ಹಿಡಿದು ಲೈಟರಿನಿಂದ ಕೊಳವೆಯನ್ನು ಮಾತ್ರ ಕಾಯಿಸಿ, ಕರಗಿದ ಕೂಡಲೇ ಬ್ಲ್ಯಾಂಕಿಗೆ ತಿರುಗಿಸುತ್ತ ಏರಿಸಿ. ಬುಡದಿಂದ ಒಂದು ಕಣ್ಣಿನಲ್ಲಿ ನೋಡಿ ಉಳಿದ ಉಂಗುರಗಳ ಸಾಲಿಗೆ ತರಲು ಕೆಲವೇ ಸೆಕೆಂಡು ಸಿಗುತ್ತವೆ. ಜ್ವಾಲೆ ಕಾರ್ಬನ್ನಿಗೆ ತಾಗಿದರೆ ಒಳಗಿನ ರಾಳ ಸುಟ್ಟು ತುದಿ ಮೆತ್ತಗಾಗುತ್ತದೆ.

ಕರಕುಶಲ ಕೆಲಸದ ಕಡಿಮೆ ಶಾಖದ ಗ್ಲೂ ಸ್ಟಿಕ್ ನಮ್ಮ ಬಿಸಿಲಿಗೆ ಆಗದು. ಮೇ ತಿಂಗಳಲ್ಲಿ ಮುಚ್ಚಿದ ಕಾರಿನೊಳಗೆ ರಾಡ್ ಇಟ್ಟರೆ ಅಂಟು ಮೆತ್ತಗಾಗಿ, ಮೊದಲ ಎಸೆತಕ್ಕೇ ಟಿಪ್ ಟಾಪ್ ಓರೆಯಾಗುತ್ತದೆ. ಹೆಚ್ಚು ಶಾಖ ತಡೆಯುವ ಟಿಪ್ ಟಾಪ್ ಅಂಟನ್ನೇ ಗೈಡ್ ಜೊತೆ ತರಿಸಿ, ಒಂದು ತುಂಡನ್ನು ಲೈಟರ್ ಸಮೇತ ಚೀಲದಲ್ಲಿ ಇಟ್ಟುಕೊಳ್ಳಿ.