ಮಂಡಿಗೆ ಯಾವ ಇಂಪ್ಲಾಂಟ್? ಬ್ರೋಷರ್ ಬದಿಗಿಟ್ಟು ಹೋಲಿಸುವ ಕ್ರಮ

ಮಂಡಿ ಕೀಲು ಬದಲಿಸಬೇಕು ಎಂದು ಡಾಕ್ಟರು ಹೇಳಿದ ಮೇಲೆ ಕೌನ್ಸೆಲರ್ ಟೇಬಲ್ಲಿಗೆ ಎರಡು ಮೂರು ಪ್ಯಾಕೇಜುಗಳ ಹಾಳೆ ಬರುತ್ತದೆ. 'ಹೈ ಫ್ಲೆಕ್ಸ್', 'ಗೋಲ್ಡ್ ನೀ', 'ಮೂವತ್ತು ವರ್ಷದ ಮಂಡಿ' ಎಂದು ಒಂದಕ್ಕಿಂತ ಒಂದು ಭರ್ಜರಿ ಹೆಸರು. ಇವುಗಳಲ್ಲಿ ಆರಿಸುವ ಮುಂಚೆ ಮಾಡಬೇಕಾದ ಕೆಲಸ ಇದು.

1. ಪೂರ್ತಿ ಹೆಸರು ಬರೆಸಿಕೊಳ್ಳಿ

ಕೃತಕ ಮಂಡಿ ಒಂದೇ ವಸ್ತುವಲ್ಲ. ತೊಡೆಮೂಳೆಯ ತುದಿಗೆ ಸಾಮಾನ್ಯವಾಗಿ ಕೋಬಾಲ್ಟ್-ಕ್ರೋಮಿಯಂ ಟೊಪ್ಪಿ, ಕಣಕಾಲಿನ ಮೂಳೆಯ ಮೇಲೆ ಟೈಟಾನಿಯಂ ಅಥವಾ ಕೋಬಾಲ್ಟ್-ಕ್ರೋಮಿಯಂ ತಟ್ಟೆ, ನಡುವೆ ಪಾಲಿಎಥಿಲೀನ್ ಎಂಬ ಪ್ಲಾಸ್ಟಿಕ್ಕಿನ ಇನ್ಸರ್ಟ್, ಕೆಲವರಿಗೆ ಮಂಡಿಚಿಪ್ಪಿನ ಹಿಂದೆ ಒಂದು ಸಣ್ಣ ಪ್ಲಾಸ್ಟಿಕ್ ಗುಂಡಿ. ಕಂಪನಿಯ ಹೆಸರೊಂದೇ ಸಾಲದು. ಪ್ರತಿ ಭಾಗದ ಮಾಡೆಲ್ ಬೇಕು. ಏಕೆಂದರೆ ಫಲಿತಾಂಶ ಜೋಡಿಯ ಮೇಲೆ ನಿಂತಿದೆ. ಜಿಮ್ಮರ್ ಬಯೋಮೆಟ್ ಕಂಪನಿ 2022ರಲ್ಲಿ ನೆಕ್ಸ್‌ಜೆನ್ ಸರಣಿಯ ಒಂದು ಬಗೆಯ ತಟ್ಟೆಯನ್ನು ಹಿಂದಕ್ಕೆ ಕರೆಸಿಕೊಂಡಿತು. ಎಲ್‌ಪಿಎಸ್ ಫ್ಲೆಕ್ಸ್ ಟೊಪ್ಪಿಯ ಜೊತೆ ಅದನ್ನು ಹಾಕಿದವರಲ್ಲಿ ಮರು ಆಪರೇಷನ್ ಹೆಚ್ಚಾಗಿರುವುದು ಬ್ರಿಟನ್ನಿನ ರಿಜಿಸ್ಟ್ರಿಯಲ್ಲಿ, ಅಂದರೆ ಕೀಲು ಬದಲಾವಣೆಗಳ ದಾಖಲೆಯಲ್ಲಿ, ಕಂಡುಬಂದಿತ್ತು.

2. ಯಾವ ಜಾತಿ ಎಂದು ಕೇಳಿ

ಮಂಡಿಯ ಹಿಂಬದಿಯ ಅಡ್ಡ ಲಿಗಮೆಂಟನ್ನು ಉಳಿಸಿಕೊಳ್ಳುವುದು ಸಿಆರ್. ಅದನ್ನು ಕತ್ತರಿಸಿ, ಅದರ ಕೆಲಸವನ್ನು ಪ್ಲಾಸ್ಟಿಕ್ಕಿನ ನಡುಗಂಬಕ್ಕೆ ಒಪ್ಪಿಸುವುದು ಪಿಎಸ್. ಇನ್ಸರ್ಟ್ ತಟ್ಟೆಗೆ ಭದ್ರವಾಗಿ ಕೂತಿದ್ದರೆ ಫಿಕ್ಸೆಡ್, ಸುತ್ತುವಂತಿದ್ದರೆ ಮೊಬೈಲ್ ಬೇರಿಂಗ್. ಮಂಡಿಯ ಒಂದು ಬದಿ ಮಾತ್ರ ಸವೆದಿದ್ದರೆ ಅಷ್ಟನ್ನೇ ಬದಲಿಸುವ ಪಾರ್ಶಿಯಲ್ ಕೂಡ ಇದೆ.

ಆಸ್ಟ್ರೇಲಿಯಾದ ರಿಜಿಸ್ಟ್ರಿಯಲ್ಲಿ ಪಿಎಸ್‌ಗೆ ಸಿಆರ್‌ಗಿಂತ, ಮೊಬೈಲ್‌ಗೆ ಫಿಕ್ಸೆಡ್‌ಗಿಂತ ಮರು ಆಪರೇಷನ್ ತುಸು ಹೆಚ್ಚು. ಹಾಗೆಂದು ಪಿಎಸ್ ಕೆಟ್ಟದ್ದು ಅನ್ನಬೇಡಿ. ಕಾಲು ತುಂಬಾ ಸೊಟ್ಟಗಾದ ಮಂಡಿಗೆ ಸರ್ಜನ್ನರು ಹೆಚ್ಚಾಗಿ ಆರಿಸುವುದು ಅದನ್ನೇ. ಆ ಮಂಡಿಗಳ ಕಷ್ಟವೂ ಆ ಅಂಕಿಯೊಳಗೆ ಸೇರಿರುತ್ತದೆ. ಪ್ಲಾಸ್ಟಿಕ್ ವಿಷಯದಲ್ಲಿ ಮಾತ್ರ ಉತ್ತರ ಸಾಕಷ್ಟು ನೇರ: ಹೈಲಿ ಕ್ರಾಸ್‌ಲಿಂಕ್ಡ್ (ಸವೆತ ತಗ್ಗಿಸಲು ಅಣುಗಳನ್ನು ಒಂದಕ್ಕೊಂದು ಬೆಸೆದ) ಪಾಲಿಎಥಿಲೀನ್ ಇರುವ ಮಂಡಿಗಳಿಗೆ ಅದೇ ರಿಜಿಸ್ಟ್ರಿಯಲ್ಲಿ ಮರು ಆಪರೇಷನ್ ಕಡಿಮೆ. ಯಾವ ಪ್ಲಾಸ್ಟಿಕ್ ಎಂಬುದು ಕೇಳಲೇಬೇಕಾದ ಪ್ರಶ್ನೆ, ಆದರೆ ಕೇಳುವವರು ಕಡಿಮೆ.

ಇನ್ನು ಭರ್ಜರಿ ಹೆಸರುಗಳು. 'ಗೋಲ್ಡ್' ಚಿನ್ನವಲ್ಲ, ಟೈಟಾನಿಯಂ ನೈಟ್ರೈಡ್ ಜಾತಿಯ ಲೇಪನ; ನಿಕಲ್ ಮುಂತಾದ ಲೋಹ ಮೈಗೆ ಒಗ್ಗದವರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದು. 'ಮೂವತ್ತು ವರ್ಷ' ಎಂಬುದು ಪ್ರಯೋಗಾಲಯದ ಯಂತ್ರದಲ್ಲಿ ಕೋಟಿಗಟ್ಟಲೆ ಹೆಜ್ಜೆ ಹಾಕಿಸಿ ಸವೆತ ಅಳೆದ ಲೆಕ್ಕ. ಮರು ಆಪರೇಷನ್ನಿಗೆ ದೊಡ್ಡ ಕಾರಣಗಳು ಸೋಂಕು ಮತ್ತು ಇಂಪ್ಲಾಂಟ್ ಸಡಿಲವಾಗುವುದು. ಯಂತ್ರಕ್ಕೆ ಸೋಂಕು ತಗಲುವುದಿಲ್ಲ. 'ಹೈ ಫ್ಲೆಕ್ಸ್' ವಿನ್ಯಾಸ 150 ಡಿಗ್ರಿ ದಾಟಿ ಮಡಚಲು ಎಡೆ ಕೊಡುತ್ತದೆ ನಿಜ. ಆದರೆ ನಿಮ್ಮ ಮಂಡಿ ಎಷ್ಟು ಮಡಚುತ್ತದೆ ಎಂಬುದಕ್ಕೆ ಎಲ್ಲಕ್ಕಿಂತ ಒಳ್ಳೆಯ ಸುಳಿವು ಆಪರೇಷನ್ನಿಗೆ ಮುಂಚೆ ಅದು ಎಷ್ಟು ಮಡಚುತ್ತಿತ್ತು ಎಂಬುದೇ. ಚಕ್ಕಳಮಕ್ಕಳ ಹಾಕುವ ಆಸೆಗೆ ಅಂತ ಹೆಚ್ಚು ದುಡ್ಡು ಕೊಡುವ ಮುಂಚೆ ಈಗ ಎಷ್ಟು ಡಿಗ್ರಿ ಬಾಗುತ್ತಿದೆ ಎಂದು ಅಳೆಸಿ.

3. ರಿಜಿಸ್ಟ್ರಿಯ ಅಂಕಿ ಓದುವುದು

ಸ್ವೀಡನ್ನಿನಲ್ಲಿ 1975ರಿಂದ, ಆಸ್ಟ್ರೇಲಿಯಾದಲ್ಲಿ 1999ರಿಂದ, ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2003ರಿಂದ ಕೀಲು ಬದಲಾವಣೆಯ ದಾಖಲೆ ಇಡುತ್ತಿದ್ದಾರೆ. ವಾರ್ಷಿಕ ವರದಿಗಳು ಜಾಲತಾಣದಲ್ಲಿ ಪುಕ್ಕಟೆ. ಟೊಪ್ಪಿ ಮತ್ತು ತಟ್ಟೆಯ ಜೋಡಿ ಹುಡುಕಿ, 10 ವರ್ಷದ ಕಾಲಂ ನೋಡಿ. ಅಲ್ಲಿರುವುದು ಅಷ್ಟರೊಳಗೆ ಮರು ಆಪರೇಷನ್ ಆದವರ ಶೇಕಡಾವಾರು. ಪಕ್ಕದ ಆವರಣದ ಅಂಕಿಗಳನ್ನು ಬಿಡಬೇಡಿ, ನಿಜವಾದ ಶೇಕಡಾವಾರು ಎಲ್ಲಿಂದ ಎಲ್ಲಿಯವರೆಗೆ ಇರಬಹುದು ಎಂಬುದನ್ನು ಅವು ಹೇಳುತ್ತವೆ. ಒಂದು ಕಾಲ್ಪನಿಕ ಉದಾಹರಣೆ: ಒಂದು ಜೋಡಿಗೆ 4.0 (3.7–4.3), ಇನ್ನೊಂದಕ್ಕೆ 3.2 (1.9–5.4) ಎಂದಿದ್ದರೆ ಎರಡನೆಯದು ಮೇಲು ಅನ್ನಲಾಗದು. ಅದು ಕಡಿಮೆ ಜನರ ಲೆಕ್ಕ, ಅದಕ್ಕೇ ಅಂತರ ಅಷ್ಟು ಅಗಲ. 10 ವರ್ಷದ ಅಂಕಿಯೇ ಇಲ್ಲದ ಹೊಸ ಮಾಡೆಲ್ಲಿಗೆ ಹೆಚ್ಚು ಬೆಲೆ ಕೊಡಲು ಕಾರಣ ಕಾಣುವುದಿಲ್ಲ.

ವಯಸ್ಸಿನ ಪ್ರಭಾವ ವಿನ್ಯಾಸದ್ದಕ್ಕಿಂತ ದೊಡ್ಡದು. 2017ರಲ್ಲಿ ಪ್ರಕಟವಾದ ಬ್ರಿಟಿಷ್ ಅಧ್ಯಯನವೊಂದರ ಪ್ರಕಾರ, ಐವತ್ತರ ಆಸುಪಾಸಿನಲ್ಲಿ ಮಂಡಿ ಬದಲಿಸಿಕೊಂಡ ಗಂಡಸರಿಗೆ ಜೀವಮಾನದಲ್ಲಿ ಮರು ಆಪರೇಷನ್ ಆಗುವ ಸಾಧ್ಯತೆ ಸುಮಾರು ಶೇ 35. ಎಪ್ಪತ್ತು ದಾಟಿದವರಿಗೆ ಸುಮಾರು ಶೇ 5. ಪೂರ್ತಿ ಬದಲಿಸಿದ ಮಂಡಿಗಳಲ್ಲಿ ಶೇ 82ರಷ್ಟು, ಪಾರ್ಶಿಯಲ್‌ನಲ್ಲಿ ಶೇ 70ರಷ್ಟು 25 ವರ್ಷ ಬಾಳುತ್ತವೆ ಎಂಬುದು 2019ರ ಇನ್ನೊಂದು ಅಂದಾಜು.

4. ನೋವಿನ ಲೆಕ್ಕ ಬೇರೆ

ಮರು ಆಪರೇಷನ್ ಆಗಿಲ್ಲ ಅಂದಮಾತ್ರಕ್ಕೆ ಮಂಡಿ ಸುಖವಾಗಿದೆ ಎಂದಲ್ಲ. ಐವರಲ್ಲಿ ಒಬ್ಬರಷ್ಟು ಜನ ಪೂರ್ತಿ ತೃಪ್ತರಾಗಿರುವುದಿಲ್ಲ. ಇದನ್ನು ಅಳೆಯಲು ಆಕ್ಸ್‌ಫರ್ಡ್ ನೀ ಸ್ಕೋರ್ ಇದೆ: ಮೆಟ್ಟಿಲು ಇಳಿಯುವುದು, ರಾತ್ರಿ ನೋವು, ಕುರ್ಚಿಯಿಂದ ಏಳುವುದು ಮುಂತಾದ 12 ಪ್ರಶ್ನೆ, ಪ್ರತಿಯೊಂದಕ್ಕೂ 0ಯಿಂದ 4, ಒಟ್ಟು 48. ಅಂಕ ಹೆಚ್ಚಿದಷ್ಟೂ ಒಳ್ಳೆಯದು. ಎರಡು ವಿನ್ಯಾಸಗಳ ನಡುವೆ ಒಂದೆರಡು ಅಂಕದ ವ್ಯತ್ಯಾಸ ಇದ್ದರೆ ನಡೆಯುವವರ ಅರಿವಿಗೆ ಬರುವುದಿಲ್ಲ. ಸುಮಾರು 5 ಅಂಕ ಬೇಕು. ಆಪರೇಷನ್ನಿಗೆ ಮುಂಚೆ ನಿಮ್ಮ ಸ್ಕೋರ್ ಬರೆದಿಡಿ, ಆರು ತಿಂಗಳು ಮತ್ತು ಒಂದು ವರ್ಷಕ್ಕೆ ಮತ್ತೆ ತುಂಬಿ.

5. ಬಿಲ್ಲು ಮತ್ತು ಸ್ಟಿಕರ್

ರಾಷ್ಟ್ರೀಯ ಔಷಧ ಬೆಲೆ ಪ್ರಾಧಿಕಾರ 2017ರ ಆಗಸ್ಟ್‌ನಲ್ಲಿ ಮಂಡಿ ಇಂಪ್ಲಾಂಟಿಗೆ ಮಿತಿ ಹಾಕಿತು. ಆಗಿನ ಗರಿಷ್ಠ ದರ, ಜಿಎಸ್‌ಟಿ ಬಿಟ್ಟು, ಕೋಬಾಲ್ಟ್-ಕ್ರೋಮಿಯಂ ಸೆಟ್ಟಿಗೆ 54,720 ರೂಪಾಯಿ, ಟೈಟಾನಿಯಂ ಅಥವಾ ಆಕ್ಸಿಡೈಸ್ಡ್ ಜಿರ್ಕೋನಿಯಂ ಆದರೆ 76,600. ಈಗಿನ ದರ ಪ್ರಾಧಿಕಾರದ ಜಾಲತಾಣದಲ್ಲಿ ನೋಡಿಕೊಳ್ಳಿ. ಪ್ಯಾಕೇಜಿನ ಬೆಲೆಯಲ್ಲಿ ಇಂಪ್ಲಾಂಟಿನದು ಬೇರೆ ಸಾಲಾಗಿ ಬರಬೇಕು.

ಪ್ರತಿ ಭಾಗದ ಡಬ್ಬಿಯಲ್ಲೂ ಮಾಡೆಲ್ ಮತ್ತು ಲಾಟ್ (ಒಟ್ಟಿಗೆ ತಯಾರಾದ ಕಂತು) ಸಂಖ್ಯೆಯ ಸ್ಟಿಕರ್ ಇರುತ್ತದೆ, ಅದನ್ನು ಕೇಸ್ ಶೀಟಿಗೆ ಅಂಟಿಸುತ್ತಾರೆ. ಡಿಸ್ಚಾರ್ಜ್ ದಿನ ಆ ಹಾಳೆಯ ಫೋಟೊ ತೆಗೆದುಕೊಳ್ಳಿ. ಎಕ್ಸಾಕ್‌ಟೆಕ್ ಕಂಪನಿ 2021ರಲ್ಲಿ ಮಂಡಿಯ ಪ್ಲಾಸ್ಟಿಕ್ ಇನ್ಸರ್ಟುಗಳನ್ನು ಹಿಂದಕ್ಕೆ ಕರೆಸಿಕೊಂಡಾಗ ದೋಷ ಇದ್ದದ್ದು ವಿನ್ಯಾಸದಲ್ಲಲ್ಲ, ಪ್ಯಾಕೆಟ್ಟಿನಲ್ಲಿ: ಆಮ್ಲಜನಕ ತಡೆಯುವ ಒಂದು ಪದರ ಅದರಲ್ಲಿ ಇರಲಿಲ್ಲ, ಒಳಗಿದ್ದ ಪ್ಲಾಸ್ಟಿಕ್ ಹಾಕುವ ಮೊದಲೇ ಹದಗೆಟ್ಟು ಬೇಗ ಸವೆಯುವ ಅಪಾಯ ಇತ್ತು. ಇಂಥ ಪ್ರಕಟಣೆ ಬಂದಾಗ ಎಕ್ಸ್‌ರೇ ನೋಡಿ ಲಾಟ್ ಪತ್ತೆಮಾಡಲು ಆಗುವುದಿಲ್ಲ. ನಿಮ್ಮ ಮಂಡಿಯೊಳಗೆ ಇರುವುದು ಆ ಪಟ್ಟಿಯದೋ ಅಲ್ಲವೋ ಎಂದು ಹೇಳುವುದು ಆ ಸ್ಟಿಕರ್ರೇ.